ಆನ್‌ಲೈನ್ ಥೆರಪಿ: ಪರದೆಗಿಂತ ಕೋಣೆ ಮುಖ್ಯ

ಫೋನಿನ ಪರದೆ ಮೇಲೆ ಕಾಣುವ ಒಬ್ಬರ ಹತ್ತಿರ ಮನಸ್ಸಿನ ಸಂಕಟ ಹೇಳಿಕೊಂಡರೆ ಅದು ನಿಜವಾಗಿಯೂ ಚಿಕಿತ್ಸೆ ಆಗುತ್ತಾ? ಆನ್‌ಲೈನ್ ಥೆರಪಿ ಅಂದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ. ಆಗುತ್ತದೆ. ತೀರಾ ವಿಕೋಪಕ್ಕೆ ಹೋಗದ ಖಿನ್ನತೆ, ಆತಂಕ, ಪ್ಯಾನಿಕ್, ನಾಲ್ಕು ಜನರ ಮುಂದೆ ಮಾತಾಡಲು ಅಂಜಿಕೆ, ಇಂಥವಕ್ಕೆ ಎದುರೆದುರು ಕೂತು ಮಾಡಿದಷ್ಟೇ ಚೆನ್ನಾಗಿ ಆಗುತ್ತದೆ ಅನ್ನುವುದಕ್ಕೆ ಸಾಕಷ್ಟು ಪುರಾವೆ ಇದೆ. ಆದರೆ ಈ ಪ್ರಶ್ನೆಯ ಹತ್ತಿರವೇ ನಿಂತುಬಿಟ್ಟರೆ ಇನ್ನೊಂದು ದೊಡ್ಡ ವಿಷಯ ಕಣ್ತಪ್ಪಿ ಹೋಗುತ್ತದೆ.

ಕ್ಲಿನಿಕ್ಕಿಗೆ ಹೋದರೆ ಅಲ್ಲಿನ ಕೋಣೆಯನ್ನು ಥೆರಪಿಸ್ಟೇ ನೋಡಿಕೊಳ್ಳುತ್ತಾರೆ. ಬಾಗಿಲು ಮುಚ್ಚಿರುತ್ತದೆ. ಒಳಗಿನ ಮಾತು ಹೊರಗೆ ಕೇಳಿಸುವುದಿಲ್ಲ. ಮಧ್ಯದಲ್ಲಿ ಯಾರೂ ಇಣುಕುವುದಿಲ್ಲ. ನೀವು ಕುಸಿದು ಬಿದ್ದರೆ ಹಿಡಿದುಕೊಳ್ಳಲು ಅಲ್ಲಿ ಒಬ್ಬರು ಇರುತ್ತಾರೆ. ಇದ್ಯಾವುದರ ಬಗ್ಗೆಯೂ ನೀವು ಯೋಚನೆ ಮಾಡಬೇಕಾಗಿಲ್ಲ, ಹೋಗಿ ಕೂತರೆ ಸಾಕು. ಆನ್‌ಲೈನ್ ಆದಾಗ ಆ ಕೋಣೆಯ ಅರ್ಧ ನಿಮ್ಮ ಪಾಲಿಗೆ ಬರುತ್ತದೆ. ಇದನ್ನು ಯಾವ ಆ್ಯಪ್‌ನ ಜಾಹೀರಾತೂ ಹೇಳುವುದಿಲ್ಲ. ಆನ್‌ಲೈನ್ ಥೆರಪಿಯ ಲಾಭಗಳೂ ತೊಂದರೆಗಳೂ ಹೆಚ್ಚುಕಡಿಮೆ ಎಲ್ಲವೂ ಈ ಒಂದು ಬದಲಾವಣೆಯಿಂದಲೇ ಹುಟ್ಟುತ್ತವೆ.

ಅಂದ ಹಾಗೆ, ದೂರದಿಂದ ಮನಸ್ಸಿಗೆ ಚಿಕಿತ್ಸೆ ಕೊಡುವುದು ಹೊಸದೇನೂ ಅಲ್ಲ. 1909ರಲ್ಲಿ ಫ್ರಾಯ್ಡ್ ಪ್ರಕಟಿಸಿದ, ಕುದುರೆಗೆ ಹೆದರುತ್ತಿದ್ದ ಐದು ವರ್ಷದ ಹುಡುಗನ ಪ್ರಕರಣ ನಡೆದದ್ದು ಬಹುಪಾಲು ಆ ಹುಡುಗನ ಅಪ್ಪ ಬರೆದು ಕಳಿಸುತ್ತಿದ್ದ ವರದಿಗಳ ಮೂಲಕ. 1953ರಲ್ಲಿ ಲಂಡನ್ನಿನಲ್ಲಿ ಚಾಡ್ ವಾರಾ ಎಂಬ ಪಾದ್ರಿ, ಸಾಯುವ ಯೋಚನೆ ಬಂದವರು ಫೋನ್ ಮಾಡಿ ಮಾತಾಡಲಿ ಅಂತ ತಮ್ಮ ಚರ್ಚಿನಲ್ಲಿ ಒಂದು ಸೇವೆ ಶುರು ಮಾಡಿದರು. ಅದೇ ಮುಂದೆ ಸಮಾರಿಟನ್ಸ್ ಸಂಸ್ಥೆ ಆಯಿತು. ವಿಡಿಯೊ ಕೂಡ ನಾವು ಅಂದುಕೊಂಡದ್ದಕ್ಕಿಂತ ಹಳೆಯದು. 1959ರ ಹೊತ್ತಿಗೇ ಅಮೆರಿಕದ ನೆಬ್ರಾಸ್ಕಾದಲ್ಲಿ ಮನೋವೈದ್ಯರು ಎರಡೂ ಕಡೆಯವರು ಒಬ್ಬರನ್ನೊಬ್ಬರು ನೋಡಬಹುದಾದ ಟಿವಿ ವ್ಯವಸ್ಥೆ ಕಟ್ಟಿಕೊಂಡು ಗುಂಪು ಚಿಕಿತ್ಸೆ ನಡೆಸುತ್ತಿದ್ದರು. ಅಷ್ಟಾದರೂ ಇದು ಮೂಲೆಯಲ್ಲೇ ಉಳಿದಿತ್ತು. 2020ರಲ್ಲಿ ಕೋವಿಡ್ ಬಂದು ಕ್ಲಿನಿಕ್‌ಗಳು ಮುಚ್ಚಿದಾಗ, ಅಲ್ಲಿಯವರೆಗೆ ಮೂಗು ಮುರಿಯುತ್ತಿದ್ದ ಥೆರಪಿಸ್ಟ್‌ಗಳೂ ಬೇರೆ ದಾರಿ ಇಲ್ಲದೆ ಕ್ಯಾಮೆರಾ ಮುಂದೆ ಬಂದು ಕೂತರು.

ಪುರಾವೆ ಏನು ಹೇಳುತ್ತದೆ

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಆನ್‌ಲೈನ್ ಥೆರಪಿ ಅನ್ನುವ ಒಂದೇ ಹೆಸರಿನಡಿ ಕಡಿಮೆ ಅಂದರೂ ನಾಲ್ಕು ಬೇರೆ ಬೇರೆ ಸಂಗತಿಗಳಿವೆ. ನಿಗದಿತ ಸಮಯಕ್ಕೆ ವಿಡಿಯೊದಲ್ಲಿ ಮಾತಾಡುವುದು ಒಂದು. ಬರೀ ಫೋನಿನಲ್ಲಿ ಮಾತಾಡುವುದು ಇನ್ನೊಂದು. ನೀವು ನಿಮಗೆ ಬಿಡುವಾದಾಗ ಬರೆದು ಕಳಿಸಿ, ಥೆರಪಿಸ್ಟ್ ಅವರಿಗೆ ಬಿಡುವಾದಾಗ ಉತ್ತರಿಸುವುದು ಮೂರನೆಯದು. ನಾಲ್ಕನೆಯದು ಪಾಠಗಳ ಹಾಗೆ ಸಿದ್ಧಪಡಿಸಿದ ಕೋರ್ಸ್. ವಾರಕ್ಕೊಂದು ಪಾಠ ಓದಿ, ಕೊಟ್ಟ ಅಭ್ಯಾಸ ಮಾಡಿ ಮುಂದೆ ಹೋಗುತ್ತೀರಿ. ಹಿಂದೆ ಒಬ್ಬರು ಮನುಷ್ಯರು ಕೂತು ನಿಮ್ಮ ಉತ್ತರ ನೋಡುತ್ತಾ ಇರಬಹುದು, ಇಲ್ಲದೆಯೂ ಇರಬಹುದು.

ಹೆಚ್ಚು ಸಂಶೋಧನೆ ಆಗಿರುವುದು ಈ ಕೋರ್ಸಿನ ಮಾದರಿಯ ಮೇಲೆ, ಅದರಲ್ಲೂ ಸಿಬಿಟಿ ಎಂಬ ಪದ್ಧತಿಯ ಮೇಲೆ. ಸಿಬಿಟಿ ಅಂದರೆ ಯೋಚನೆ, ಭಾವನೆ, ವರ್ತನೆ ಒಂದನ್ನೊಂದು ಹೇಗೆ ಎಳೆದಾಡುತ್ತವೆ ಅಂತ ಗುರುತಿಸಿ, ಯೋಚನೆ ಮತ್ತು ವರ್ತನೆಯ ತುದಿಯಿಂದ ಅದನ್ನು ಬದಲಿಸುತ್ತಾ ಬರುವುದು. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಗೆ ಅಂತ ಇದನ್ನು ರೂಪಿಸಿದರು. ಹಂತ ಹಂತವಾಗಿ, ಮನೆಗೆಲಸ ಕೊಟ್ಟು ನಡೆಸುವ ಪದ್ಧತಿ ಆದ್ದರಿಂದ ಇಂಟರ್‌ನೆಟ್ಟಿಗೆ ಸಲೀಸಾಗಿ ಒಗ್ಗಿತು. ಸ್ವೀಡನ್ನಿನ ಗೆರ್ಹಾರ್ಡ್ ಆಂಡರ್ಸನ್ ಮತ್ತು ಜೊತೆಗಾರರು ಇಂಥ ಕೋರ್ಸನ್ನೂ ಎದುರೆದುರಿನ ಚಿಕಿತ್ಸೆಯನ್ನೂ ನೇರವಾಗಿ ಹೋಲಿಸಿದ 13 ಅಧ್ಯಯನಗಳನ್ನು 2014ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2018ರಲ್ಲಿ ಅಧ್ಯಯನಗಳ ಸಂಖ್ಯೆ 20ಕ್ಕೆ ಏರಿದಾಗಲೂ ಅದೇ ಉತ್ತರ ಬಂತು.

ಇಲ್ಲಿ ಗಮನಿಸಬೇಕಾದದ್ದು, ಇವೆಲ್ಲ ಹಿಂದೆ ಒಬ್ಬರು ಮನುಷ್ಯರು ಇದ್ದ ಕೋರ್ಸ್‌ಗಳು. ಮನುಷ್ಯರೇ ಇಲ್ಲದ, ತಾನೇ ಓದಿಕೊಂಡು ಹೋಗುವ ಆ್ಯಪ್‌ಗಳಲ್ಲಿ ಜನ ಅರ್ಧಕ್ಕೇ ಬಿಡುವುದು ಜಾಸ್ತಿ, ಪರಿಣಾಮವೂ ಕಡಿಮೆ. ವಾರಕ್ಕೆ ಹತ್ತು ನಿಮಿಷ ಯಾರೋ ಒಬ್ಬರು ನಿಮ್ಮ ಬರಹ ಓದಿ ಎರಡು ಸಾಲು ಉತ್ತರ ಬರೆಯುತ್ತಾರೆ ಅನ್ನುವುದೇ ಎಷ್ಟೋ ಜನರನ್ನು ಕೊನೆಯವರೆಗೆ ಹಿಡಿದು ನಿಲ್ಲಿಸುತ್ತದೆ.

ಫೋನಿನ ಕಥೆ ಇನ್ನೂ ಸ್ವಾರಸ್ಯ. ಡೇವಿಡ್ ಮೋರ್ ಮತ್ತು ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖಿನ್ನತೆ ಇದ್ದ 325 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಫೋನಿನಲ್ಲಿ, ಇನ್ನೊಂದಕ್ಕೆ ಎದುರೆದುರು ಸಿಬಿಟಿ ಕೊಟ್ಟರು. ಮಧ್ಯದಲ್ಲೇ ಬಿಟ್ಟುಹೋದವರು ಎದುರೆದುರಿನ ಗುಂಪಿನಲ್ಲಿ ಸುಮಾರು ಶೇ. 33, ಫೋನಿನ ಗುಂಪಿನಲ್ಲಿ ಸುಮಾರು ಶೇ. 21. ಚಿಕಿತ್ಸೆ ಮುಗಿದಾಗ ಇಬ್ಬರದೂ ಸಮಸಮ. ಆದರೆ ಆರು ತಿಂಗಳ ನಂತರ ನೋಡಿದಾಗ ಎದುರೆದುರು ಕೂತವರು ಸ್ವಲ್ಪ ಹೆಚ್ಚು ಚೆನ್ನಾಗಿದ್ದರು. ನನಗೆ ಈ ಅಧ್ಯಯನ ಇಷ್ಟ, ಯಾಕೆಂದರೆ ಇದು ಯಾವ ಕಡೆಯವರಿಗೂ ಪೂರ್ತಿ ಗೆಲುವು ಕೊಡುವುದಿಲ್ಲ. ಮನೆಯಿಂದಲೇ ಮಾಡಿದರೆ ಬಿಡದೆ ಮುಂದುವರಿಸುವುದು ಸುಲಭ. ಎದ್ದು ತಯಾರಾಗಿ ಹೊರಗೆ ಹೋಗುವ ಶ್ರಮಕ್ಕೂ ಏನೋ ಒಂದು ಬೆಲೆ ಇರಬಹುದು, ಅದರಲ್ಲೂ ಖಿನ್ನತೆಯಲ್ಲಿ.

ಪರದೆ ಅಡ್ಡ ಇದ್ದರೂ ಕೆಲಸ ಆಗುವುದು ಯಾಕೆ? ಥೆರಪಿಸ್ಟ್ ಮತ್ತು ಬಂದವರ ನಡುವಿನ ಹೊಂದಾಣಿಕೆಯನ್ನು ಮನಃಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಮೂರು ಭಾಗ ಮಾಡಿ ವಿವರಿಸಿದರು: ಎಲ್ಲಿಗೆ ತಲುಪಬೇಕು ಅನ್ನುವುದರಲ್ಲಿ ಒಪ್ಪಿಗೆ, ಅದಕ್ಕೆ ಏನೇನು ಮಾಡಬೇಕು ಅನ್ನುವುದರಲ್ಲಿ ಒಪ್ಪಿಗೆ, ಇಬ್ಬರ ನಡುವೆ ನಂಬಿಕೆ. ಈ ಮೂರರಲ್ಲಿ ಯಾವುದಕ್ಕೂ ಇಬ್ಬರು ಒಂದೇ ಸೂರಿನಡಿ ಇರಲೇಬೇಕು ಅಂತೇನಿಲ್ಲ ಅಲ್ವಾ?

ನಿಮ್ಮ ಕೋಣೆಯೇ ಕ್ಲಿನಿಕ್ ಆದಾಗ

ಆನ್‌ಲೈನ್‌ನ ಲಾಭ ಅಂದರೆ ಓಡಾಟ ಉಳಿಯುತ್ತದೆ, ಸಮಯ ಉಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಿಜವೇ. ಓಡಾಡಲು ಕಷ್ಟ ಇರುವವರಿಗೆ, ಕಾಯಿಲೆಯವರನ್ನೋ ಮಗುವನ್ನೋ ಬಿಟ್ಟು ಹೊರಗೆ ಹೋಗಲಾಗದವರಿಗೆ, ಹತ್ತಿರದಲ್ಲಿ ಥೆರಪಿಸ್ಟೇ ಇಲ್ಲದವರಿಗೆ ಇದು ಸಣ್ಣ ಅನುಕೂಲವಲ್ಲ. ತಮ್ಮ ಭಾಷೆ ಬಲ್ಲವರು ಬೇಕು, ತಮ್ಮ ನಿರ್ದಿಷ್ಟ ತೊಂದರೆಯಲ್ಲಿ ಪಳಗಿದವರು ಬೇಕು ಅನ್ನುವವರಿಗೂ ಹುಡುಕುವ ವ್ಯಾಪ್ತಿ ದೊಡ್ಡದಾಗುತ್ತದೆ. ಕ್ಲಿನಿಕ್ಕಿನ ಮುಂದೆ ಯಾರಾದರೂ ನೋಡಿಬಿಟ್ಟಾರು ಅನ್ನುವ ಅಳುಕು ಇರುವವರು ಕಡಿಮೆಯೇನಲ್ಲ, ಅವರಿಗೂ ನಿರಾಳ.

ಆದರೆ ಇದಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಸಮಸ್ಯೆ ಇರುವ ಜಾಗಕ್ಕೇ ಚಿಕಿತ್ಸೆ ಹೋಗುತ್ತದೆ.

ಗೀಳು ಕಾಯಿಲೆಯನ್ನೇ ತೆಗೆದುಕೊಳ್ಳಿ. ಬಾಗಿಲು ಚಿಲಕ ಹಾಕಿದೆನಾ ಅಂತ ಮತ್ತೆ ಮತ್ತೆ ನೋಡುವುದು, ಸ್ಟವ್ ಆರಿಸಿದೆನಾ ಅಂತ ಮತ್ತೆ ಮತ್ತೆ ಎದ್ದು ಹೋಗುವುದು, ಕೈ ತೊಳೆದು ತೊಳೆದು ಚರ್ಮ ಒಡೆಯುವುದು. ಇದಕ್ಕೆ ಒಳ್ಳೆಯ ಪುರಾವೆ ಇರುವ ಚಿಕಿತ್ಸೆಯಲ್ಲಿ, ಭಯ ಹುಟ್ಟಿಸುವ ಸಂಗತಿಯನ್ನು ಬೇಕೆಂದೇ ಎದುರಿಸಿ, ಆಮೇಲೆ ಆ ಪರೀಕ್ಷಿಸುವ ಅಥವಾ ತೊಳೆಯುವ ಕೆಲಸ ಮಾಡದೆ ತಡೆದುಕೊಂಡು ಕೂರಬೇಕು. ಮಾಡದಿದ್ದರೂ ಏನೂ ಆಗಲಿಲ್ಲ, ಇಷ್ಟು ಚಡಪಡಿಕೆಯನ್ನು ತಾನು ತಡೆದುಕೊಳ್ಳಬಲ್ಲೆ ಅಂತ ಮೆದುಳು ಕಲಿಯುವುದು ಹಾಗೆ. ಕ್ಲಿನಿಕ್ಕಿನ ಬಾಗಿಲ ಚಿಲಕ ನೋಡಿ ಯಾರಿಗೂ ಭಯ ಹುಟ್ಟುವುದಿಲ್ಲ. ಅದು ನಿಮ್ಮದಲ್ಲ, ಕಳ್ಳ ಬಂದರೆ ನಷ್ಟ ಬೇರೆಯವರಿಗೆ. ಅದೇ ವಿಡಿಯೊದಲ್ಲಾದರೆ ಫೋನ್ ಹಿಡಿದುಕೊಂಡು ನಿಮ್ಮದೇ ಬಾಗಿಲ ಹತ್ತಿರ ಹೋಗಿ, ಒಂದೇ ಸಲ ಚಿಲಕ ಹಾಕಿ, ತಿರುಗಿ ನೋಡದೆ ವಾಪಸ್ ಬಂದು ಕೂತು, ಎದೆ ಡವಡವ ಅನ್ನುತ್ತಿರುವಾಗಲೇ ಥೆರಪಿಸ್ಟ್ ಜೊತೆ ಮಾತಾಡಬಹುದು. ಆ ಡವಡವ ಇಳಿಯುವವರೆಗೂ ಅವರು ಜೊತೆಗಿರುತ್ತಾರೆ.

ನಿದ್ದೆ ಬಾರದವರ ಚಿಕಿತ್ಸೆಯಲ್ಲಿ ಮಲಗುವ ಕೋಣೆಯನ್ನೇ ತೋರಿಸಬಹುದು. ಹಾಸಿಗೆಯ ಪಕ್ಕದಲ್ಲೇ ಲ್ಯಾಪ್‌ಟಾಪ್, ಕಣ್ಣೆದುರೇ ಗಡಿಯಾರ ಇರುವುದು ನೀವು ಹೇಳದಿದ್ದರೂ ಅವರಿಗೆ ಕಾಣುತ್ತದೆ. ಏನನ್ನೂ ಎಸೆಯಲಾಗದೆ ಮನೆಯೆಲ್ಲ ತುಂಬಿಕೊಂಡವರ ವಿಷಯದಲ್ಲೂ ಅಷ್ಟೇ. ಸಾಮಾನಿನ ಬಗ್ಗೆ ಮಾತಾಡುವುದು ಬೇರೆ, ಒಂದೊಂದೇ ಸಾಮಾನು ಕೈಯಲ್ಲಿ ಹಿಡಿದು ಇಡಲೋ ಬಿಡಲೋ ಅಂತ ಅವರ ಎದುರೇ ತೀರ್ಮಾನ ಮಾಡುವುದು ಬೇರೆ. ಮನೆಯಿಂದ ಹೊರಗೆ ಕಾಲಿಡಲೇ ಭಯ ಇರುವವರಿಗಂತೂ ಮೊದಲ ಸೆಷನ್‌ಗೇ ಹೊರಗೆ ಬನ್ನಿ ಅನ್ನುವುದು ಎಂಥ ವಿಚಿತ್ರ ಷರತ್ತು! ಅವರು ಮನೆಯೊಳಗಿಂದ ಶುರು ಮಾಡಿ, ಇಯರ್‌ಫೋನ್ ಹಾಕಿಕೊಂಡು, ಥೆರಪಿಸ್ಟ್ ದನಿ ಕಿವಿಯಲ್ಲಿರುವಾಗಲೇ ಗೇಟಿನವರೆಗೆ, ಆಮೇಲೆ ರಸ್ತೆ ತಿರುವಿನವರೆಗೆ ಹೋಗಬಹುದು.

ಇನ್ನೊಂದು ಸಂಗತಿ, ಪರದೆಯ ಹಿಂದೆ ಜನ ಬೇಗ ಬಾಯಿ ಬಿಡುತ್ತಾರೆ. ಮನಃಶಾಸ್ತ್ರಜ್ಞ ಜಾನ್ ಸುಲರ್ 2004ರಲ್ಲಿ ಇದರ ಬಗ್ಗೆ ಬರೆದರು. ಎದುರಿಗೆ ಹೇಳಲಾಗದ್ದನ್ನು ಇಂಟರ್‌ನೆಟ್ಟಿನಲ್ಲಿ ಹೇಳಿಬಿಡುವ ಸಡಿಲತೆ ಒಳ್ಳೆಯದಕ್ಕೂ ಆಗುತ್ತದೆ, ಕೆಟ್ಟದ್ದಕ್ಕೂ ಆಗುತ್ತದೆ. ನಾಚಿಕೆ, ಲೈಂಗಿಕತೆ, ಹಳೆಯ ಗಾಯಗಳ ಬಗ್ಗೆ ಮಾತು ಬೇಗ ಬರಬಹುದು. ಮೊದಲ ದಿನವೇ ಎಲ್ಲ ಹೇಳಿ, ಯಾಕಾದರೂ ಹೇಳಿದೆನೋ ಅಂತ ಸಂಕೋಚವಾಗಿ ಎರಡನೇ ಸೆಷನ್‌ಗೆ ಬರದೇ ಇರುವುದೂ ನಡೆಯಬಹುದು. ಹಾಗೆ ಅನ್ನಿಸಿದರೆ ಅದನ್ನೇ ಹೇಳಿ, ನಿಧಾನವಾಗಿ ಹೋಗೋಣ ಅನ್ನಿ. ಥೆರಪಿಸ್ಟ್‌ಗಳು ಈ ಮಾತಿಗೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಕಳೆದುಕೊಳ್ಳುವುದೂ ಇದೆ. ಕ್ಯಾಮೆರಾಕ್ಕೆ ಕಾಣುವುದು ಮುಖ ಮತ್ತು ಭುಜ ಮಾತ್ರ. ಕಾಲು ಅಲ್ಲಾಡುತ್ತಿರುವುದು, ಬೆರಳು ಹಿಸುಕಿಕೊಳ್ಳುತ್ತಿರುವುದು, ಬಾಯಲ್ಲಿ ಹೆಂಡದ ವಾಸನೆ, ಯಾವುದೂ ಗೊತ್ತಾಗುವುದಿಲ್ಲ. ನೀವು ಸುಮ್ಮನಾದರೆ ಯೋಚಿಸುತ್ತಿದ್ದೀರೋ, ಅಳು ತಡೆಯುತ್ತಿದ್ದೀರೋ, ನೆಟ್ ಹೋಯಿತೋ ಅಂತ ಆ ಕಡೆಯವರು ಗಲಿಬಿಲಿಗೊಳ್ಳುತ್ತಾರೆ. ಅದಕ್ಕೇ ಒಳ್ಳೆಯ ಥೆರಪಿಸ್ಟ್ ಆನ್‌ಲೈನ್‌ನಲ್ಲಿ ಜಾಸ್ತಿ ಕೇಳುತ್ತಾರೆ: ಈಗ ಮೈಯಲ್ಲಿ ಏನಾಗುತ್ತಿದೆ, ಈ ಮೌನ ಎಂಥದ್ದು ಅಂತ. ನೀವೂ ಸ್ವಲ್ಪ ಜಾಸ್ತಿ ಹೇಳಬೇಕು. ತಲೆ ಆಡಿಸಿದರೆ ಸಾಲದು.

ಕೋಣೆ ಸಿದ್ಧಮಾಡುವುದು

ಎಲ್ಲಕ್ಕಿಂತ ಮೊದಲು, ಮಾತು ಯಾರಿಗೂ ಕೇಳಿಸಬಾರದು. ಇದು ಹೇಳಿದಷ್ಟು ಸುಲಭ ಅಲ್ಲ. ನಾಲ್ಕೈದು ಜನ ಇರುವ ಮನೆಯಲ್ಲಿ ಬಾಗಿಲು ಹಾಕಿಕೊಂಡು 50 ನಿಮಿಷ ಕೂತರೆ ಏನು ಮಾಡ್ತಿದ್ದೀಯಾ ಅಂತ ಕೇಳಿಯೇ ಕೇಳುತ್ತಾರೆ. ಪಕ್ಕದ ಕೋಣೆಯಲ್ಲಿ ಅಮ್ಮ ಇದ್ದರೆ ಅಮ್ಮನ ಬಗ್ಗೆ ಮಾತಾಡಲು ಆಗುತ್ತಾ? ಆಗುವುದಿಲ್ಲ. ಬಾಯಿ ತಾನಾಗಿಯೇ ಸುತ್ತಿ ಬಳಸಿ ಮಾತಾಡುತ್ತದೆ, ಸೆಷನ್ ಪೂರ್ತಿ ಹವಾಮಾನದ ಮಾತಾಗಿಬಿಡುತ್ತದೆ. ಎಷ್ಟೋ ಜನ ಆನ್‌ಲೈನ್ ನನಗೆ ಸರಿಹೋಗಲಿಲ್ಲ ಅನ್ನುವಾಗ ಸರಿಹೋಗದೇ ಇದ್ದದ್ದು ಆನ್‌ಲೈನ್ ಅಲ್ಲ, ತೆಳುವಾದ ಗೋಡೆ ಅನ್ನುವುದು ನನ್ನ ಅನುಮಾನ.

ಇಯರ್‌ಫೋನ್ ಹಾಕಿದರೆ ಅರ್ಧ ಕೆಲಸ ಆದ ಹಾಗೆ, ಯಾಕೆಂದರೆ ಥೆರಪಿಸ್ಟ್ ಮಾತಾದರೂ ಹೊರಗೆ ಕೇಳಿಸುವುದಿಲ್ಲ. ಉಳಿದರ್ಧ ನಿಮ್ಮ ದನಿ. ಬಾಗಿಲ ಆಚೆ ಫ್ಯಾನೋ ರೇಡಿಯೋ ಹಾಕಿಟ್ಟರೆ ಮಾತು ಅದರಲ್ಲಿ ಕರಗುತ್ತದೆ. ಎಷ್ಟೋ ಥೆರಪಿಸ್ಟ್‌ಗಳು ತಮ್ಮ ಕೋಣೆಯ ಹೊರಗೂ ಇಂಥದ್ದೇ ಸದ್ದಿನ ಯಂತ್ರ ಇಟ್ಟಿರುತ್ತಾರೆ. ಬಾಗಿಲಿನ ಕಡೆಗೆ ಮುಖ ಮಾಡಿ ಕೂರಬೇಡಿ, ಕಿಟಕಿಯೋ ಗೋಡೆಯೋ ಇರುವ ಕಡೆಗೆ ಮಾತಾಡಿ. ಕಿಟಕಿ ಪರದೆ, ಹಾಸಿಗೆ, ಬಟ್ಟೆ ತುಂಬಿರುವ ಕೋಣೆಯಲ್ಲಿ ಸದ್ದು ಕಡಿಮೆ ಹರಡುತ್ತದೆ. ಮನೆಯಲ್ಲಿ ಆಗುವುದೇ ಇಲ್ಲ ಅಂದರೆ ನಿಲ್ಲಿಸಿದ ಕಾರು, ಟೆರೇಸು, ಮನೆ ಖಾಲಿ ಇರುವ ಹೊತ್ತು, ಜನ ಇಲ್ಲದ ಪಾರ್ಕಿನಲ್ಲಿ ನಡೆಯುತ್ತಾ ಫೋನ್ ಮಾತು, ಇವೆಲ್ಲ ನಡೆಯುತ್ತವೆ. ಗಾಡಿ ಓಡಿಸುತ್ತಾ ಮಾತ್ರ ಬೇಡವೇ ಬೇಡ. ಅಳು ಬಂದರೆ ರಸ್ತೆ ಕಾಣುವುದಿಲ್ಲ. ನೀವು ಓಡಿಸುತ್ತಿದ್ದೀರಿ ಅಂತ ಗೊತ್ತಾದರೆ ಸರಿಯಾದ ಥೆರಪಿಸ್ಟ್ ಅಲ್ಲಿಗೇ ಸೆಷನ್ ನಿಲ್ಲಿಸುತ್ತಾರೆ.

ಯಾರಾದರೂ ಒಳಗೆ ಬಂದುಬಿಟ್ಟರೆ? ಮೊದಲೇ ಒಂದು ಸಂಕೇತ ಮಾತಾಡಿಕೊಳ್ಳಿ. ‘ಆ ಫೈಲ್ ನಾಳೆ ಕಳಿಸ್ತೀನಿ’ ಅಂದರೆ ಯಾರೋ ಬಂದಿದ್ದಾರೆ, ವಿಷಯ ಬದಲಿಸಿ ಅಂತ ಅರ್ಥ. ಸ್ವಲ್ಪ ಹೊತ್ತು ಟೈಪ್ ಮಾಡಿಯೂ ಮಾತು ಮುಂದುವರಿಸಬಹುದು. ಮನೆಯವರಿಗೆ ಎಲ್ಲ ಹೇಳಬೇಕೆಂದಿಲ್ಲ, ‘ಒಂದು ಗಂಟೆ ಮುಖ್ಯವಾದ ಕಾಲ್ ಇದೆ, ಕರೆಯಬೇಡಿ’ ಅಂದರೆ ಅದು ಸುಳ್ಳೂ ಅಲ್ಲ.

ಫೋನನ್ನು ಕೈಯಲ್ಲಿ ಹಿಡಿಯದೆ ಎಲ್ಲಾದರೂ ಒರಗಿಸಿಡಿ, ಕಣ್ಣಿನ ಎತ್ತರಕ್ಕೆ. ಬೆಳಕು ಎದುರಿನಿಂದ ಬರಲಿ. ಪರದೆಯಲ್ಲಿ ನಿಮ್ಮದೇ ಮುಖ ಕಾಣುವ ಚೌಕವನ್ನು ಮರೆಮಾಡಿ, ಹಲವು ವಿಡಿಯೊ ಆ್ಯಪ್‌ಗಳಲ್ಲಿ ಆ ಆಯ್ಕೆ ಇದೆ. ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೈಲೆನ್ಸನ್ 2021ರಲ್ಲಿ ವಿಡಿಯೊ ಕರೆಗಳು ಯಾಕೆ ಸುಸ್ತು ಮಾಡುತ್ತವೆ ಅಂತ ನಾಲ್ಕು ಕಾರಣ ಕೊಟ್ಟರು, ಅದರಲ್ಲಿ ಸದಾ ತನ್ನ ಮುಖ ತಾನೇ ನೋಡಿಕೊಳ್ಳುವುದೂ ಒಂದು. ಅಳುವಾಗ ತನ್ನ ಮುಖ ಹೇಗೆ ಕಾಣುತ್ತಿದೆ ಅಂತ ನೋಡುತ್ತಾ ಕೂತರೆ ಅಳುವೂ ಪೂರ್ತಿ ಬರುವುದಿಲ್ಲ.

ನೆಟ್ ಕೈಕೊಟ್ಟೇ ಕೊಡುತ್ತದೆ, ಅದೂ ಸರಿಯಾಗಿ ನೀವು ಕಷ್ಟದ ಮಾತು ಶುರು ಮಾಡಿದಾಗ. ಸಂಪರ್ಕ ತಪ್ಪಿದರೆ ಯಾರು ಯಾರಿಗೆ ಕರೆ ಮಾಡಬೇಕು, ಎಷ್ಟು ನಿಮಿಷ ಕಾಯಬೇಕು, ಹೋದ ಸಮಯವನ್ನು ಕೊನೆಯಲ್ಲಿ ಸೇರಿಸುತ್ತಾರಾ, ಇದನ್ನು ಮೊದಲ ದಿನವೇ ಕೇಳಿಟ್ಟುಕೊಳ್ಳಿ. ವಿಡಿಯೊ ತಡವರಿಸಿದರೆ ಕ್ಯಾಮೆರಾ ಆಫ್ ಮಾಡಿ ದನಿಯಲ್ಲೇ ಮುಂದುವರಿಸುವುದು ವಾಸಿ. ದನಿ ಒಡೆದರೆ ಮಾತ್ರ ಯಾವ ಥೆರಪಿಯೂ ಸಾಗುವುದಿಲ್ಲ.

ಇನ್ನು, ಮುಗಿದ ಮೇಲಿನ ಹತ್ತು ನಿಮಿಷ. ಕ್ಲಿನಿಕ್ಕಿನಿಂದ ಮನೆಗೆ ಬರುವ ದಾರಿ ಸುಮ್ನೆ ಪ್ರಯಾಣ ಅಲ್ಲ, ಅಲ್ಲಿ ಕಲಕಿದ್ದು ಸ್ವಲ್ಪ ತಿಳಿಯಾಗುವುದು ಆ ದಾರಿಯಲ್ಲೇ. ಆನ್‌ಲೈನ್‌ನಲ್ಲಿ ಆ ದಾರಿ ಇಲ್ಲ. ಬಾಲ್ಯದ ಹೊಡೆತಗಳ ಬಗ್ಗೆ ಮಾತಾಡಿ ಲ್ಯಾಪ್‌ಟಾಪ್ ಮುಚ್ಚಿದ ಎರಡೇ ನಿಮಿಷಕ್ಕೆ ಆಫೀಸಿನ ಮೀಟಿಂಗಿಗೆ ಸೇರಿದರೆ ಮನಸ್ಸು ಎಲ್ಲಿರುತ್ತದೆ? ಸೆಷನ್ ಆದ ಕೂಡಲೇ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ಸ್ವಲ್ಪ ನಡೆಯಿರಿ, ಮುಖ ತೊಳೆಯಿರಿ, ನೆನಪಿರುವಾಗಲೇ ಎರಡು ಸಾಲು ಬರೆದುಕೊಳ್ಳಿ. ಆದಷ್ಟೂ ಮಲಗುವ ಹಾಸಿಗೆಯ ಮೇಲೆ ಕೂತು ಸೆಷನ್ ಮಾಡಬೇಡಿ, ರಾತ್ರಿ ಅದೇ ಜಾಗದಲ್ಲಿ ನಿದ್ದೆ ಬರಬೇಕಲ್ಲ.

ವಿಳಾಸ, ಲೈಸೆನ್ಸು, ಕಡತ

ಸೆಷನ್ ಶುರುವಿನಲ್ಲಿ ಥೆರಪಿಸ್ಟ್ ‘ಈಗ ಎಲ್ಲಿದ್ದೀರಿ, ಪೂರ್ತಿ ವಿಳಾಸ ಹೇಳಿ’ ಅಂತ ಕೇಳಿದರೆ ಗಾಬರಿ ಆಗಬೇಡಿ. ಕೇಳದಿದ್ದರೆ ಅನುಮಾನ ಪಡಿ. ನಿಮಗೆ ಅಪಾಯ ಆಗುವ ಪರಿಸ್ಥಿತಿ ಬಂದರೆ ಆಂಬುಲೆನ್ಸ್ ಕಳಿಸಬೇಕಾದದ್ದು ಅವರು ಇರುವ ಊರಿನಲ್ಲಲ್ಲ, ನೀವು ಇರುವ ಊರಿನಲ್ಲಿ. ತುರ್ತಿಗೆ ಕರೆಯಬಹುದಾದ ಒಬ್ಬರ ಹೆಸರು, ನಂಬರು ಕೇಳುವುದೂ ಅದಕ್ಕೇ. ಯಾವ ಸಂದರ್ಭದಲ್ಲಿ ಅವರಿಗೆ ಕರೆ ಮಾಡುತ್ತೀರಿ, ಏನು ಹೇಳುತ್ತೀರಿ ಅಂತ ನೀವು ತಿರುಗಿ ಕೇಳಬಹುದು.

ಕಾನೂನು ಕೂಡ ಸಾಮಾನ್ಯವಾಗಿ ನೀವು ಕೂತಿರುವ ಜಾಗವನ್ನೇ ನೋಡುತ್ತದೆ. ಅಮೆರಿಕದಲ್ಲಿ ರಾಜ್ಯಕ್ಕೊಂದು ಲೈಸೆನ್ಸು. ಒಂದು ರಾಜ್ಯದ ಮನಃಶಾಸ್ತ್ರಜ್ಞರು ಇನ್ನೊಂದು ರಾಜ್ಯದಲ್ಲಿ ಇರುವವರಿಗೆ ಚಿಕಿತ್ಸೆ ಕೊಡಲು ಅನುಕೂಲ ಆಗಲಿ ಅಂತಲೇ ಹಲವು ರಾಜ್ಯಗಳು ಸೈಪ್ಯಾಕ್ಟ್ ಎಂಬ ಒಪ್ಪಂದ ಮಾಡಿಕೊಂಡಿವೆ. ಹಾಗಾಗಿ ನೀವು ಬೇರೆ ಕಡೆ ಹೋಗುವುದಿದ್ದರೆ, ಅದರಲ್ಲೂ ದೇಶ ಬಿಟ್ಟು ಹೋಗುವುದಿದ್ದರೆ ಮುಂಚೆಯೇ ಹೇಳಿ. ಲ್ಯಾಪ್‌ಟಾಪ್ ಎಲ್ಲಿಗೆ ಬೇಕಾದರೂ ಬರುತ್ತದೆ, ಲೈಸೆನ್ಸು ಬರುವುದಿಲ್ಲ.

ಇನ್ನು ಗುಟ್ಟು ಉಳಿಯುವ ಪ್ರಶ್ನೆ. ವಿಡಿಯೊವನ್ನು ಯಾರಾದರೂ ಕದ್ದು ನೋಡಿದರೆ ಅಂತ ಜನ ಹೆದರುತ್ತಾರೆ. ನಿಜವಾಗಿ ದೊಡ್ಡ ಅನಾಹುತ ಆದದ್ದು ಬೇರೆ ಕಡೆ. ಫಿನ್‌ಲ್ಯಾಂಡಿನ ವಸ್ತಾಮೊ ಎಂಬ ಮನೋಚಿಕಿತ್ಸಾ ಸಂಸ್ಥೆಯ ಕಂಪ್ಯೂಟರ್‌ನಿಂದ ಸುಮಾರು 33,000 ಜನರ ದಾಖಲೆ ಕಳುವಾಯಿತು. 2020ರಲ್ಲಿ ಕದ್ದವನು ರೋಗಿಗಳಿಗೇ ನೇರವಾಗಿ ಇಮೇಲ್ ಮಾಡಿ, ದುಡ್ಡು ಕೊಡದಿದ್ದರೆ ನೀವು ಥೆರಪಿಯಲ್ಲಿ ಹೇಳಿಕೊಂಡದ್ದನ್ನು ಬಯಲು ಮಾಡುತ್ತೇನೆ ಅಂತ ಬೆದರಿಸಿದ. ಗಮನಿಸಿ, ಇದು ಊರೂರಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದ ಸಂಸ್ಥೆ. ಸೋರಿದ್ದು ವಿಡಿಯೊ ಅಲ್ಲ, ಥೆರಪಿಸ್ಟ್‌ಗಳು ಬರೆದಿಟ್ಟ ಟಿಪ್ಪಣಿ. ಅಂದರೆ ನೀವು ಎದುರೆದುರು ಕೂತು ಮಾತಾಡಿದರೂ ಟಿಪ್ಪಣಿ ಎಲ್ಲಿ ಸೇರುತ್ತದೆ ಅನ್ನುವುದನ್ನು ಕೇಳಲೇಬೇಕು.

ಇನ್ನೊಂದು ಬಗೆಯ ಸೋರಿಕೆ ವ್ಯಾಪಾರದ್ದು. ಬೆಟರ್‌ಹೆಲ್ಪ್ ಎಂಬ ದೊಡ್ಡ ಆನ್‌ಲೈನ್ ಥೆರಪಿ ಕಂಪನಿ ಬಳಕೆದಾರರ ಮಾಹಿತಿಯನ್ನು ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಮುಂತಾದವಕ್ಕೆ ಜಾಹೀರಾತಿಗಾಗಿ ಕೊಟ್ಟಿದೆ ಅಂತ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. ಕಂಪನಿ ತಪ್ಪು ಒಪ್ಪಿಕೊಳ್ಳದೆ 2023ರಲ್ಲಿ 78 ಲಕ್ಷ ಡಾಲರ್ ಕಟ್ಟಲು ಒಪ್ಪಿತು. ಸೇರುವಾಗ ತುಂಬಿಸುವ ಪ್ರಶ್ನಾವಳಿ ಇದೆಯಲ್ಲ, ಖಿನ್ನತೆ ಇದೆಯಾ, ಮೊದಲು ಥೆರಪಿ ಮಾಡಿಸಿದ್ದೀರಾ ಅಂತ, ಅದಕ್ಕೆ ಕೊಡುವ ಉತ್ತರವೂ ಆರೋಗ್ಯದ ಮಾಹಿತಿಯೇ. ಥೆರಪಿಸ್ಟ್ ಸಿಗುವ ಮೊದಲೇ ಅದನ್ನೆಲ್ಲ ಕೇಳುವ ಆ್ಯಪ್ ಇದ್ದರೆ ಎರಡು ಸಲ ಯೋಚಿಸಿ.

ಕೇಳಬೇಕಾದದ್ದು ಇಷ್ಟೇ: ನನ್ನ ಬಗ್ಗೆ ಏನು ಬರೆದಿಡುತ್ತೀರಿ, ಎಲ್ಲಿ, ಎಷ್ಟು ವರ್ಷ? ಸೆಷನ್ ರೆಕಾರ್ಡ್ ಆಗುತ್ತಾ? ಟಿಪ್ಪಣಿ ಬರೆಯಲು ಎಐ ಬಳಸುತ್ತೀರಾ, ಹಾಗಿದ್ದರೆ ನನ್ನ ದನಿ ಎಲ್ಲಿಗೆ ಹೋಗುತ್ತದೆ? ನಿಮ್ಮ ಕಡೆ ಬಾಗಿಲು ಮುಚ್ಚಿದೆಯಾ? ಈ ಕೊನೆಯದನ್ನು ಕೇಳಲು ಸಂಕೋಚ ಬೇಡ, ಅವರೂ ಮನೆಯಿಂದಲೇ ಕೆಲಸ ಮಾಡುತ್ತಿರಬಹುದು. ನಿಮ್ಮ ಕಡೆಯ ಸೋರಿಕೆಗಳೂ ಇವೆ. ಲಾಕ್ ಆದ ಫೋನಿನ ಮೇಲೆ ‘ನಾಳೆ ಥೆರಪಿ ಸೆಷನ್’ ಅಂತ ಮೂಡುವ ನೋಟಿಫಿಕೇಶನ್, ಮನೆಯವರೆಲ್ಲ ನೋಡುವ ಇಮೇಲ್, ಆಫೀಸಿನ ಕ್ಯಾಲೆಂಡರ್, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಬೀಳುವ ಹೆಸರು. ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಸೆಷನ್ ಮಾಡಲೇಬೇಡಿ.

ಯಾರಿಗೆ ಬೇಡ

ಸಾಯುವ ಯೋಜನೆ ಮನಸ್ಸಿನಲ್ಲಿ ಗಟ್ಟಿಯಾಗಿದ್ದರೆ ವಾರಕ್ಕೊಂದು ವಿಡಿಯೊ ಕರೆ ಸಾಲದು. ತಕ್ಷಣ ತುರ್ತು ಸೇವೆಗೋ ಸಹಾಯವಾಣಿಗೋ ಕರೆ ಮಾಡಬೇಕು, ಹತ್ತಿರದಲ್ಲಿ ಒಬ್ಬರು ಇರಬೇಕು. ಇಲ್ಲದ ದನಿ ಕೇಳುತ್ತಿರುವವರಿಗೆ, ಉನ್ಮಾದದ ಏರುಗತಿಯಲ್ಲಿ ಇರುವವರಿಗೆ ಮನೋವೈದ್ಯರ ನೇರ ಭೇಟಿ ಬೇಕು. ತುಂಬಾ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣಕ್ಕೇ ಅಪಾಯ ಆಗಬಹುದು, ಅದು ಆಸ್ಪತ್ರೆಯ ಉಸ್ತುವಾರಿಯಲ್ಲೇ ಆಗಬೇಕಾದ ಕೆಲಸ. ಊಟ ಬಿಟ್ಟು ಮೈ ಸೊರಗುವ ಕಾಯಿಲೆಯಲ್ಲಿ ತೂಕ, ನಾಡಿ, ರಕ್ತ ನೋಡಬೇಕಾಗುತ್ತದೆ, ಕ್ಯಾಮೆರಾದಿಂದ ಅದು ಆಗುವುದಿಲ್ಲ.

ಮನೆಯಲ್ಲೇ ಹೊಡೆಯುವವರು ಇದ್ದರೆ ವಿಷಯ ಇನ್ನೂ ಸೂಕ್ಷ್ಮ. ಕೋಣೆ ನಿಮ್ಮ ಪಾಲಿಗೆ ಬರುತ್ತದೆ ಅಂದೆನಲ್ಲ, ಇಲ್ಲಿ ಆ ಕೋಣೆ ನಿಮ್ಮ ಕೈಯಲ್ಲಿ ಇರುವುದೇ ಇಲ್ಲ. ಬಾಗಿಲ ಹಿಂದೆ ನಿಂತು ಕೇಳುತ್ತಿರಬಹುದು, ಫೋನ್ ತೆಗೆದು ನೋಡಬಹುದು. ಇಂಥವರಿಗೆ ಮನೆಯಿಂದ ಹೊರಗೆ, ಇನ್ನೊಂದು ಫೋನಿನಿಂದ, ಅಥವಾ ನೇರವಾಗಿ ಹೋಗಿ ಮಾತಾಡುವುದೇ ಸುರಕ್ಷಿತ. ಚಿಕ್ಕ ಮಕ್ಕಳನ್ನು 50 ನಿಮಿಷ ಪರದೆ ಮುಂದೆ ಕೂರಿಸುವುದಂತೂ ದೇವರಿಗೇ ಪ್ರೀತಿ. ಅಪ್ಪ ಅಮ್ಮನಿಗೆ ಕಲಿಸುವ ಸೆಷನ್‌ಗಳಾದರೆ ಆನ್‌ಲೈನ್‌ನಲ್ಲಿ ಚೆನ್ನಾಗಿಯೇ ನಡೆಯುತ್ತವೆ.

ಚಾಟ್‌ಬಾಟ್ ಹತ್ತಿರ ಹೇಳಿಕೊಂಡರೆ ಸಾಲದಾ ಅಂತ ಈಗ ತುಂಬಾ ಜನ ಕೇಳುತ್ತಾರೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ಎಲೈಜಾ ಎಂಬ ಪ್ರೋಗ್ರಾಂ ಪ್ರಕಟಿಸಿದರು. ನೀವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುವುದಷ್ಟೇ ಅದರ ಕೆಲಸ. ಅದನ್ನು ಕಟ್ಟುವಾಗ ತಿಂಗಳುಗಟ್ಟಲೆ ನೋಡಿದ್ದ ಅವರ ಸೆಕ್ರೆಟರಿಯೇ, ಅದರ ಜೊತೆ ಮಾತು ಶುರುವಾದ ಸ್ವಲ್ಪ ಹೊತ್ತಿಗೆ, ದಯವಿಟ್ಟು ನೀವು ಕೋಣೆಯಿಂದ ಹೊರಗೆ ಹೋಗಿ ಅಂದರಂತೆ. ಮನಸ್ಸು ಬಿಚ್ಚಲು ನಮಗೆ ಅಷ್ಟು ಸಾಕು. ಇವತ್ತಿನ ಬಾಟ್‌ಗಳು ಅದಕ್ಕಿಂತ ಎಷ್ಟೋ ಚುರುಕು, ಯೋಚನೆ ಬರೆದು ವಿಂಗಡಿಸುವಂಥ ಅಭ್ಯಾಸಕ್ಕೆ ನೆರವಾಗಬಹುದು. ಆದರೆ ಅವಕ್ಕೆ ಲೈಸೆನ್ಸು ಇಲ್ಲ. ನಿಮ್ಮ ತಪ್ಪು ನಂಬಿಕೆಗೂ ಹೌದು ಹೌದು ಅನ್ನುವ ಚಾಳಿ ಇದೆ, ನೀವು ಮುಂದಿನ ವಾರ ಬರದಿದ್ದರೆ ಫೋನ್ ಮಾಡಿ ವಿಚಾರಿಸುವವರೂ ಅಲ್ಲಿ ಇಲ್ಲ.

ಶುರು ಮಾಡುವುದು ಹೇಗೆ

ಮೊದಲು ಯಾರು ಏನು ಅಂತ ತಿಳಿದುಕೊಳ್ಳಿ. ಮನೋವೈದ್ಯರು ಅಂದರೆ ಡಾಕ್ಟರು, ಮಾತ್ರೆ ಬರೆಯಬಲ್ಲವರು. ಕ್ಲಿನಿಕಲ್ ಸೈಕಾಲಜಿಸ್ಟ್ ಕಾಯಿಲೆ ಗುರುತಿಸಿ ಥೆರಪಿ ಕೊಡುವ ತರಬೇತಿ ಪಡೆದವರು. ಆಪ್ತ ಸಮಾಲೋಚಕರ ತರಬೇತಿ ಒಬ್ಬೊಬ್ಬರದು ಒಂದೊಂದು ಥರ. ಲೈಫ್ ಕೋಚ್ ಅನ್ನುವ ಹೆಸರಿಗೆ ಬಹುತೇಕ ಕಡೆ ಯಾವ ಪರವಾನಗಿಯೂ ಬೇಕಿಲ್ಲ. ಏನು ಓದಿದ್ದೀರಿ, ಎಲ್ಲಿ ನೋಂದಣಿ ಆಗಿದೆ, ನನ್ನಂಥ ತೊಂದರೆಯವರನ್ನು ನೋಡಿದ್ದೀರಾ, ಯಾವ ಪದ್ಧತಿ ಅನುಸರಿಸುತ್ತೀರಿ ಅಂತ ನೇರವಾಗಿ ಕೇಳಿ. ನೋಂದಣಿ ನಂಬರನ್ನು ಆಯಾ ಮಂಡಳಿಯ ಪಟ್ಟಿಯಲ್ಲಿ ನೀವೇ ಹುಡುಕಿ ನೋಡಿ. ಕ್ಲಿನಿಕ್ಕಿನ ಗೋಡೆಯಲ್ಲಾದರೆ ಪ್ರಮಾಣಪತ್ರ ತೂಗುತ್ತಿರುತ್ತದೆ, ಇಲ್ಲಿ ಹುಡುಕುವ ಕೆಲಸವೂ ನಿಮ್ಮ ಪಾಲಿನದೇ.

ಫಲ ಸಿಗುತ್ತಿದೆಯಾ ಅಂತ ನೋಡಲು ಬರೀ ಅನಿಸಿಕೆ ನಂಬಬೇಡಿ. ಖಿನ್ನತೆಗೆ ಪಿಎಚ್‌ಕ್ಯೂ-9 ಅಂತ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ, ಅಂಕ 0ಯಿಂದ 27. ಆತಂಕಕ್ಕೆ ಜಿಎಡಿ-7, ಏಳು ಪ್ರಶ್ನೆ, 0ಯಿಂದ 21. ಯಾವುದರಲ್ಲಾದರೂ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸರಿಯಾಗಿ ಪರೀಕ್ಷೆ ಮಾಡಿಸಿಕೊಳ್ಳಬೇಕು ಅಂತ ಲೆಕ್ಕ. ಕಾಯಿಲೆ ಇದೆಯೋ ಇಲ್ಲವೋ ಅಂತ ತೀರ್ಪು ಕೊಡಲು ಇವು ಸಾಲವು, ಏರಿಳಿತ ನೋಡಲು ಚೆನ್ನಾಗಿವೆ. ಶುರುವಿನಲ್ಲಿ ಒಮ್ಮೆ, ಆಮೇಲೆ ಎರಡು ವಾರಕ್ಕೊಮ್ಮೆ ತುಂಬಿಸಿ ಥೆರಪಿಸ್ಟ್‌ಗೆ ತೋರಿಸಿ. ಐದಾರು ಸೆಷನ್ ಆದರೂ ಅಂಕ ಅಲ್ಲೇ ನಿಂತಿದ್ದರೆ ಅವರ ಹತ್ತಿರವೇ ಕೇಳಿ: ಪದ್ಧತಿ ಬದಲಿಸೋಣವಾ, ಮಾತ್ರೆ ಬೇಕಾಗಬಹುದಾ, ಬೇರೆಯವರನ್ನು ನೋಡಬೇಕಾ? ಎರಡು ಬಟನ್ ಒತ್ತಿ ಥೆರಪಿಸ್ಟ್‌ರನ್ನು ಬದಲಿಸುವ ಸೌಲಭ್ಯ ಆ್ಯಪ್‌ಗಳಲ್ಲಿ ಇರುತ್ತದೆ, ಆದರೆ ಸೆಷನ್ ಕಷ್ಟ ಆದ ದಿನವೇ ಅದನ್ನು ಒತ್ತಬೇಡಿ. ಕಷ್ಟ ಆದದ್ದು ಯಾಕೆ ಅಂತ ಅವರ ಜೊತೆ ಒಂದು ಸಲ ಮಾತಾಡಿ, ಆಮೇಲೂ ಬೇಡ ಅನ್ನಿಸಿದರೆ ಬಿಡಿ.

ಆನ್‌ಲೈನ್ ಇಲ್ಲವೇ ಎದುರೆದುರು, ಯಾವುದಾದರೂ ಒಂದನ್ನೇ ಆರಿಸಬೇಕು ಅಂತಲೂ ಇಲ್ಲ. ಮೊದಲ ಒಂದೆರಡು ಭೇಟಿ ನೇರವಾಗಿ, ಆಮೇಲೆ ವಿಡಿಯೊದಲ್ಲಿ, ಕಷ್ಟದ ವಾರದಲ್ಲಿ ಮತ್ತೆ ನೇರವಾಗಿ, ಹೀಗೆ ಬೆರೆಸಿ ನಡೆಸುವವರು ಬೇಕಾದಷ್ಟು ಜನ ಇದ್ದಾರೆ. ಸೆಷನ್ ತಪ್ಪಿಸಿದರೆ ಫೀಸು ಕಟ್ಟಬೇಕಾ, ಎಷ್ಟು ಗಂಟೆ ಮೊದಲು ತಿಳಿಸಬೇಕು, ನಡುವೆ ಮೆಸೇಜ್ ಮಾಡಿದರೆ ಉತ್ತರ ಸಿಗುತ್ತಾ ಅನ್ನುವುದನ್ನು ಮೊದಲ ಕರೆಯಲ್ಲೇ ಕೇಳಿ ಬರೆದಿಟ್ಟುಕೊಳ್ಳಿ. ಆ ಕರೆಗೆ ಕೂರುವ ಮೊದಲು ಒಂದು ಪರೀಕ್ಷೆ ಮಾಡಿ: ಕೋಣೆಯೊಳಗೆ ಮಾಮೂಲಿ ದನಿಯಲ್ಲಿ ಏನಾದರೂ ರೆಕಾರ್ಡ್ ಮಾಡಿ, ಅದನ್ನು ಅಷ್ಟೇ ದನಿಯಲ್ಲಿ ಹಾಕಿಟ್ಟು, ಬಾಗಿಲು ಮುಚ್ಚಿ, ಹೊರಗೆ ನಿಂತು ಎಷ್ಟು ಕೇಳಿಸುತ್ತದೆ ಅಂತ ನೋಡಿ.